ಡಿಸೆಂಬರ್ ತಿಂಗಳಿಗೊಂದು ಪ್ರಣಯ ಕಾದಂಬರಿ: ಕ್ರಿಸ್‌ಮಸ್ ಕಥೆಗಳನ್ನು ಆರಿಸುವ ಮತ್ತು ಓದುವ ಕ್ರಮ

ವಾರಪತ್ರಿಕೆಯ ಧಾರಾವಾಹಿ ಮುಗಿದ ಮೇಲೆ ನಮ್ಮ ಅಮ್ಮ ಆ ಪುಟಗಳನ್ನಷ್ಟೇ ಬಿಡಿಸಿಕೊಂಡು, ಕಂತುಗಳ ಕ್ರಮದಲ್ಲಿ ಜೋಡಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಹೊದಿಸಿ ಕಪಾಟಿನಲ್ಲಿ ಇಡುತ್ತಿದ್ದರು. ನಾಯಕ ನಾಯಕಿಯರು ಕೊನೆಗೆ ಒಂದಾಗುತ್ತಾರೆಂಬುದು ಗೊತ್ತಿದ್ದರೂ ಬೇಸಿಗೆ ರಜೆ ಬಂತೆಂದರೆ ಅದೇ ಕಟ್ಟು ಮತ್ತೆ ಅವರ ಕೈಯಲ್ಲಿರುತ್ತಿತ್ತು. ಮುಂದೆ ನಾನು ಬಾಡಿಗೆ ಗ್ರಂಥಾಲಯದಿಂದ ಇಂಗ್ಲಿಷಿನ ಕ್ರಿಸ್‌ಮಸ್ ಪ್ರಣಯ ಕಾದಂಬರಿಗಳನ್ನು ತಂದು ಓದತೊಡಗಿದಾಗ, ಅಮ್ಮನ ಆ ಓದೇ ನನಗೆ ನೆರವಿಗೆ ಬಂತು. ಕೊನೆ ಗೊತ್ತಿರುವ ಕಥೆಯನ್ನು ಓದುವುದಕ್ಕೆ ಅದರದೇ ಆದ ಒಂದು ಜಾಣ್ಮೆ ಬೇಕು. ಪ್ರಸಂಗದ ಕಥೆ ಬಾಯಿಪಾಠವಾಗಿದ್ದರೂ ಯಕ್ಷಗಾನಕ್ಕೆ ಬೆಳಗಿನವರೆಗೆ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಣಯ ಕಾದಂಬರಿ ಎಂದು ಕರೆಸಿಕೊಳ್ಳಲು ಇಂಗ್ಲಿಷ್ ಪ್ರಕಾಶನ ಲೋಕದಲ್ಲಿ ಎರಡು ಷರತ್ತುಗಳಿವೆ. ಇಬ್ಬರ ಪ್ರೀತಿಯೇ ಕಥೆಯ ನಡುಗಂಬವಾಗಿರಬೇಕು ಮತ್ತು ಕೊನೆ ಸುಖಾಂತವಾಗಿರಬೇಕು. ಹಬ್ಬದ ಪ್ರಣಯ ಕಾದಂಬರಿಗೆ ನಾನು ಮೂರನೆಯ ಷರತ್ತೊಂದನ್ನು ಸೇರಿಸುತ್ತೇನೆ: ಅದರಲ್ಲಿ ಹಬ್ಬವು ತೋರಣದಂತೆ ಬಾಗಿಲಲ್ಲಿ ತೂಗುತ್ತಿದ್ದರೆ ಸಾಲದು, ಒಳಗೆ ಬಂದು ಕೆಲಸ ಮಾಡಬೇಕು. ಈ ಬರಹದಲ್ಲಿ ಹೇಳುವ ಹೆಜ್ಜೆಗಳೆಲ್ಲ ಆ ಕೆಲಸವನ್ನು ಗುರುತಿಸುವುದಕ್ಕಾಗಿಯೇ ಇವೆ.

ಯಾವ ಕ್ರಿಸ್‌ಮಸ್ ಬೇಕೆಂದು ಮೊದಲು ನಿರ್ಧರಿಸಿಕೊಳ್ಳಿ

ಅಂಗಡಿಯಲ್ಲಿ ಎಲ್ಲ ಕ್ರಿಸ್‌ಮಸ್ ಕಾದಂಬರಿಗಳ ಮುಖಪುಟವೂ ಒಂದೇ ಬಗೆಯಾಗಿ ಕಾಣುವುದರಿಂದ ಹೊಸ ಓದುಗರು ಕೈಗೆ ಸಿಕ್ಕಿದ್ದನ್ನು ತಂದು, ಹತ್ತು ಪುಟ ಓದಿ, ಇದು ತಮಗಲ್ಲವೆಂದು ಬಿಟ್ಟುಬಿಡುತ್ತಾರೆ. ಬಹಳಷ್ಟು ಸಲ ತಪ್ಪು ಪುಸ್ತಕದ್ದಲ್ಲ, ಆಯ್ಕೆಯದು. ಆದ್ದರಿಂದ ಮೊದಲ ಹೆಜ್ಜೆಯಾಗಿ ಯಾವ ನಾಡಿನ, ಯಾವ ಕಾಲದ ಕ್ರಿಸ್‌ಮಸ್ಸಿನಲ್ಲಿ ನಾಲ್ಕು ದಿನ ಇದ್ದು ಬರಲು ನಿಮಗೆ ಆಸೆ ಎಂಬುದನ್ನು ಯೋಚಿಸಿ.

ಅಮೆರಿಕದ ಸಣ್ಣ ಊರಿನ ಕಥೆಗಳು ಸಂಖ್ಯೆಯಲ್ಲಿ ಹೆಚ್ಚು ಮತ್ತು ಓದಲು ಸುಲಭ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ ಕಥೆ ಆರಂಭವಾಗುತ್ತದೆ. ದೊಡ್ಡ ನಗರದಲ್ಲಿ ಕೆಲಸಕ್ಕಿದ್ದ ಮಗಳು ಊರಿಗೆ ಮರಳುತ್ತಾಳೆ. ಅಲ್ಲೊಂದು ಬೇಕರಿಯೋ, ಅತಿಥಿಗೃಹವೋ, ಕ್ರಿಸ್‌ಮಸ್ ಮರಗಳನ್ನು ಬೆಳೆಸಿ ಮಾರುವ ತೋಟವೋ ಮುಚ್ಚುವ ಸ್ಥಿತಿಯಲ್ಲಿರುತ್ತದೆ. ಇಂಗ್ಲೆಂಡಿನ ಸಮಕಾಲೀನ ಕಥೆಗಳಲ್ಲಿ ಹಿಮಕ್ಕಿಂತ ಮಳೆಯೇ ಹೆಚ್ಚು, ಹಳ್ಳಿಯ ಪಬ್ಬು ಮತ್ತು ಚರ್ಚು ಕಥೆಯ ಎರಡು ಕಣ್ಣುಗಳು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಕಥೆಗಳಲ್ಲಿ ಕ್ರಿಸ್‌ಮಸ್ ಬರುವುದು ಸುಡುಬೇಸಿಗೆಯಲ್ಲಿ. ನ್ಯೂಜಿಲೆಂಡಿನಲ್ಲಿ ಆ ಹೊತ್ತಿಗೆ ಕೆಂಪಗೆ ಹೂಬಿಡುವ ಪೊಹುಟುಕಾವಾ ಮರವನ್ನೇ ಅಲ್ಲಿನವರು ತಮ್ಮ ಕ್ರಿಸ್‌ಮಸ್ ಮರವೆನ್ನುತ್ತಾರೆ. ಹಿಮವನ್ನು ಕಾಣದ ನಮ್ಮಂಥವರಿಗೆ, ಬೆವರೊರೆಸಿಕೊಳ್ಳುತ್ತ ಹಬ್ಬದ ಅಡುಗೆ ಮಾಡುವ ಈ ಕಥೆಗಳು ಬೇಗ ಹತ್ತಿರವಾಗುತ್ತವೆಂಬುದು ನನ್ನ ಅನುಭವ.

ಹಳೆಯ ಕಾಲದ ಕಥೆಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ರೀಜೆನ್ಸಿ ಕಾಲಕ್ಕೆ ಸೇರಿದವು. ಮೂರನೆಯ ಜಾರ್ಜ್ ದೊರೆ ಕಾಯಿಲೆಬಿದ್ದು ಅವನ ಮಗ ರಾಜಪ್ರತಿನಿಧಿಯಾಗಿ ಆಳಿದ 1811ರಿಂದ 1820ರವರೆಗಿನ ಅವಧಿ ಅದು. ಈ ಕಥೆಗಳನ್ನು ಆರಿಸುವವರು ಒಂದೆರಡು ವಿಷಯ ತಿಳಿದಿದ್ದರೆ ಓದಿನ ರುಚಿ ಹೆಚ್ಚುತ್ತದೆ. ಅಂದಿನ ಇಂಗ್ಲಿಷ್ ಮನೆಗಳಲ್ಲಿ ಅಲಂಕರಿಸಿದ ಕ್ರಿಸ್‌ಮಸ್ ಮರ ಇರುತ್ತಿರಲಿಲ್ಲ. 1800ರಲ್ಲಿ ಜರ್ಮನ್ ಮೂಲದ ರಾಣಿ ಷಾರ್ಲೆಟ್ ವಿಂಡ್ಸರ್‌ನಲ್ಲಿ ಒಂದು ಮರವನ್ನು ನಿಲ್ಲಿಸಿದ್ದುಂಟು, ಆದರೆ ಜನಸಾಮಾನ್ಯರಿಗೆ ಅದರ ಹುಚ್ಚು ಹಿಡಿದದ್ದು ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ. ಕ್ರಿಸ್‌ಮಸ್ ಶುಭಾಶಯ ಪತ್ರ ಮಾರಾಟಕ್ಕೆ ಬಂದದ್ದೂ 1843ರಲ್ಲಿ. ಹೀಗಾಗಿ 1815ರ ಕಥೆಯಲ್ಲಿ ನೀವು ಕಾಣಬೇಕಾದದ್ದು ಹಾಲಿ ಮತ್ತು ಐವಿ ಎಂಬ ಗಿಡಗಳ ಹಸಿರು ಕೊಂಬೆಗಳು, ಬೆಂಕಿಗೂಡಿನಲ್ಲಿ ಉರಿಯುವ ದೊಡ್ಡ ಯೂಲ್ ದಿಮ್ಮಿ, ಮತ್ತು ಕ್ರಿಸ್‌ಮಸ್ಸಿನಿಂದ ಎಣಿಸಿದರೆ ಜನವರಿ ಮೊದಲ ವಾರದಲ್ಲಿ ಬರುವ ಹನ್ನೆರಡನೆಯ ರಾತ್ರಿಯವರೆಗೆ ಎಳೆಯುವ ಹಬ್ಬ. ಆ ಕಾಲದ ಕಥೆಯ ದಿವಾನಖಾನೆಯಲ್ಲಿ ದೀಪಾಲಂಕೃತ ಮರ ನಿಂತಿದ್ದರೆ, ಅದಕ್ಕೊಂದು ಕಾರಣವನ್ನೂ ಲೇಖಕಿ ಕೊಟ್ಟಿದ್ದಾರೆಯೇ ಎಂದು ನೋಡಿ. ಮನೆಯೊಡತಿ ಜರ್ಮನಿಯವಳೆಂದು ಹೇಳಿದ್ದರೆ, ಶ್ರದ್ಧೆಯಿಂದ ಬರೆದ ಪುಸ್ತಕವೊಂದು ನಿಮ್ಮ ಕೈಯಲ್ಲಿದೆ.

ಕ್ರಿಸ್‌ಮಸ್ ಒಂದೇ ಅಲ್ಲ. ಯಹೂದಿಗಳ ಹನುಕ್ಕಾ ಹಬ್ಬದ ಸುತ್ತ ಹೆಣೆದ ಪ್ರಣಯ ಕಥೆಗಳೂ ಇವೆ, ಅವುಗಳನ್ನು ಕ್ರಿಸ್‌ಮಸ್ಸಿನ ಬದಲಿ ರೂಪವೆಂದು ತಿಳಿದು ಓದಬಾರದು. ಎಣ್ಣೆಯ ದೀಪವೊಂದು ಎಂಟು ದಿನ ಉರಿದ ನೆನಪಿಗೆ ಪ್ರತಿ ರಾತ್ರಿ ಒಂದೊಂದು ಹೆಚ್ಚು ದೀಪ ಹಚ್ಚುವ ಹಬ್ಬವದು. ಯಹೂದಿ ಪಂಚಾಂಗವೂ ನಮ್ಮ ಚಾಂದ್ರಮಾನದಂತೆ ಅಧಿಕ ಮಾಸವನ್ನು ಸೇರಿಸಿಕೊಳ್ಳುವುದರಿಂದ ದೀಪಾವಳಿಯ ಹಾಗೆಯೇ ಅದರ ತಾರೀಖೂ ವರ್ಷದಿಂದ ವರ್ಷಕ್ಕೆ ಜರುಗುತ್ತದೆ. ಎಂಟು ರಾತ್ರಿಗಳು ಎಂಟು ಅಧ್ಯಾಯಗಳಾಗಿ ಒದಗಿಬರುವ ಕಥೆ ಸಿಕ್ಕರೆ ಬಿಡಬೇಡಿ.

ಬೆನ್ನುಡಿಯನ್ನು ಬಿಡಿಸಿ ಓದಿ

ಪ್ರಣಯ ಕಾದಂಬರಿಯ ಬೆನ್ನುಡಿ ಕಥೆಯ ಗುಟ್ಟನ್ನು ಬಚ್ಚಿಡುವುದಿಲ್ಲ. ಓದುಗರು ಬಯಸುವ ಸನ್ನಿವೇಶ ಒಳಗಿದೆಯೆಂದು ತಿಳಿಸುವುದೇ ಅದರ ಉದ್ದೇಶ. ಹಿಮ ಬಿದ್ದು ದಾರಿ ಮುಚ್ಚಿ ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕಿಕೊಳ್ಳುವುದು, ಮನೆಯವರ ಬಾಯಿ ಮುಚ್ಚಿಸಲು ಪ್ರೇಮಿಗಳಂತೆ ನಟಿಸುವುದು, ಹತ್ತು ವರ್ಷದ ಹಿಂದೆ ಬಿಟ್ಟುಹೋದವನು ಮತ್ತೆ ಎದುರಾಗುವುದು, ಹಾವು ಮುಂಗುಸಿಯಂತಿದ್ದವರು ಒಂದೇ ಸಮಿತಿಯಲ್ಲಿ ಕೆಲಸ ಮಾಡಬೇಕಾಗುವುದು, ಇವು ಮತ್ತೆ ಮತ್ತೆ ಬರುವ ಸನ್ನಿವೇಶಗಳು. ಇವುಗಳಲ್ಲಿ ನಿಮಗೆ ಪ್ರಿಯವಾದದ್ದು ಯಾವುದೆಂದು ಎರಡು ಮೂರು ಪುಸ್ತಕಗಳಲ್ಲೇ ತಿಳಿದುಬಿಡುತ್ತದೆ. ನನಗೆ ಎರಡನೆಯ ಅವಕಾಶದ ಕಥೆಗಳು ಇಷ್ಟ, ಏಕೆಂದರೆ ಪ್ರತಿ ವರ್ಷ ಅದೇ ದಿನಕ್ಕೆ ಮರಳಿ ಬರುವ ಹಬ್ಬಕ್ಕೂ ಹಳೆಯ ತಪ್ಪಿಗೆ ಮರಳಿ ಬರುವ ಮನಸ್ಸಿಗೂ ಒಳಗಿಂದಲೇ ಒಂದು ಹೊಂದಾಣಿಕೆ ಇದೆ.

ಬೆನ್ನುಡಿಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಶೃಂಗಾರದ ಪ್ರಮಾಣ. ‘ಸ್ವೀಟ್’, ‘ಕ್ಲೀನ್’ ಎಂದಿದ್ದರೆ ಕಥೆ ಮುತ್ತಿನಾಚೆಗೆ ಹೋಗುವುದಿಲ್ಲ. ‘ಕ್ಲೋಸ್ಡ್ ಡೋರ್’ ಎಂದರೆ ಮಲಗುವ ಕೋಣೆಯ ಬಾಗಿಲು ಓದುಗರ ಪಾಲಿಗೆ ಮುಚ್ಚುತ್ತದೆ. ‘ಸ್ಟೀಮಿ’ ಅಥವಾ ‘ಸ್ಪೈಸಿ’ ಎಂದಿದ್ದರೆ ಎಲ್ಲವೂ ಬಿಚ್ಚಿಟ್ಟ ವರ್ಣನೆಯಲ್ಲಿ ಬರುತ್ತದೆ. ಮುಖಪುಟವನ್ನು ನೋಡಿ ಇದನ್ನು ಊಹಿಸಬೇಡಿ. ಮಕ್ಕಳ ಪುಸ್ತಕದಂತೆ ಕಾಣುವ ಮುದ್ದಾದ ಬಣ್ಣದ ಚಿತ್ರಗಳನ್ನು ಈಚಿನ ವರ್ಷಗಳಲ್ಲಿ ಅತಿ ಶೃಂಗಾರದ ಕಾದಂಬರಿಗಳಿಗೂ ಹಾಕುತ್ತಾರೆ. ಮನೆಯ ಹದಿಹರೆಯದವರಿಗಾಗಿ ಕೊಳ್ಳುವವರು ಈ ಮಾತನ್ನು ನೆನಪಿಡಬೇಕು. ದೈವಭಕ್ತಿಯೂ ಕಥೆಯ ಭಾಗವಾಗಿರುವ ‘ಇನ್‌ಸ್ಪಿರೇಷನಲ್’ ಎಂಬ ಬಗೆಯೊಂದಿದೆ; ಅದರಲ್ಲಿ ಪ್ರಾರ್ಥನೆಗೆ ಜಾಗವಿರುತ್ತದೆ, ಶಯ್ಯಾಗೃಹಕ್ಕೆ ಇರುವುದಿಲ್ಲ.

ಪುಸ್ತಕ ಮಾಲಿಕೆಯೊಂದರ ನಡುವಿನದೇ ಎಂಬುದನ್ನೂ ನೋಡಿಕೊಳ್ಳಿ. ಒಂದೇ ಊರಿನ ಅಥವಾ ಒಂದೇ ಕುಟುಂಬದ ಅಣ್ಣತಮ್ಮಂದಿರ ಕಥೆಗಳ ಮಾಲಿಕೆಗಳಲ್ಲಿ ಕ್ರಿಸ್‌ಮಸ್ ಭಾಗ ಸಾಮಾನ್ಯವಾಗಿ ಕೊನೆಯ ಕಿರುಕಾದಂಬರಿಯಾಗಿ ಬಂದು, ಹಿಂದಿನ ಜೋಡಿಗಳೆಲ್ಲ ಊಟದ ಮೇಜಿನ ಸುತ್ತ ನೆರೆಯುತ್ತವೆ. ಅವರ ಪರಿಚಯವಿಲ್ಲದೆ ಹೋದರೆ ಗುರುತಿಲ್ಲದವರ ಮನೆಯ ಮದುವೆಗೆ ಹೋದಂತಾಗುತ್ತದೆ.

ಪುಸ್ತಕ ಮತ್ತು ಸಮಯ

ಹೊಸ ಕ್ರಿಸ್‌ಮಸ್ ಕಾದಂಬರಿಗಳು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಬಿಡುಗಡೆಯಾಗುತ್ತವೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಂಥ ಕಡೆ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕುವವರಾದರೆ ಜೂನ್, ಜುಲೈ ತಿಂಗಳಲ್ಲಿ ಹೋಗಿ. ಡಿಸೆಂಬರಿನಲ್ಲಿ ಎಲ್ಲರ ಕೈಯೂ ಆ ಕಡೆಗೇ ಚಾಚುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ತಾವಿರುವ ಊರಿನ ಸಾರ್ವಜನಿಕ ಗ್ರಂಥಾಲಯದ ಚೀಟಿಯಿಂದ ಲಿಬ್ಬಿ ಆ್ಯಪ್‌ನಲ್ಲಿ ಇ-ಪುಸ್ತಕಗಳನ್ನು ಉಚಿತವಾಗಿ ಎರವಲು ಪಡೆಯಬಹುದು. ಹಬ್ಬದ ಪುಸ್ತಕಗಳಿಗೆ ನವೆಂಬರಿನಿಂದ ಸರದಿ ಉದ್ದವಾಗುವುದರಿಂದ ಅಕ್ಟೋಬರಿನಲ್ಲೇ ಹೆಸರು ಹಚ್ಚಿಡುವುದು ಒಳ್ಳೆಯದು.

ಸಮಯದ ಲೆಕ್ಕ ಹೀಗಿದೆ. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಮತ್ತು 1971ರಲ್ಲಿ ಅದನ್ನು ಕೊಂಡುಕೊಂಡ ಕೆನಡಾದ ಹಾರ್ಲೆಕ್ವಿನ್ ಸಂಸ್ಥೆಗಳ ತೆಳು ಕಾದಂಬರಿಗಳು ಸುಮಾರು 50,000 ಪದಗಳಷ್ಟಿರುತ್ತವೆ. ಇಂಗ್ಲಿಷನ್ನು ನಿಧಾನವಾಗಿ, ನಿಮಿಷಕ್ಕೆ 150 ಪದಗಳಂತೆ ಓದುವವರಿಗೂ ಐದೂವರೆ ಗಂಟೆ ಸಾಕು. ರಾತ್ರಿ ಊಟದ ನಂತರ ಅರ್ಧ ಗಂಟೆ ಮೀಸಲಿಟ್ಟು ಡಿಸೆಂಬರ್ 13ಕ್ಕೆ ಶುರುಮಾಡಿದರೆ 24ರ ರಾತ್ರಿ ಕೊನೆಯ ಅಧ್ಯಾಯಕ್ಕೆ ಬಂದಿರುತ್ತೀರಿ. 90,000 ಪದಗಳ ದಪ್ಪ ಕಾದಂಬರಿಯಾದರೆ ಇಪ್ಪತ್ತು ರಾತ್ರಿ ಬೇಕು, 5ಕ್ಕೇ ಆರಂಭಿಸಿ. ಒಂದೇ ಏಟಿಗೆ ಓದಿ ಮುಗಿಸುವ ಉತ್ಸಾಹವನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಈ ಕಥೆಗಳ ಒಳಗೂ ಒಂದು ಕ್ಯಾಲೆಂಡರು ಓಡುತ್ತಿರುತ್ತದೆ. ಕಥೆಯ ತಾರೀಖೂ ಗೋಡೆಯ ಮೇಲಿನ ತಾರೀಖೂ ಜೊತೆಜೊತೆಗೆ ಸರಿಯುವಂತೆ ಓದಿದಾಗ ಸಿಗುವ ಸುಖ ಬೇರೆ ಕಾದಂಬರಿಗಳಲ್ಲಿ ಸಿಗುವುದು ಕಡಿಮೆ. ಐಸ್‌ಲ್ಯಾಂಡಿನವರಿಗೆ ಇದು ಚೆನ್ನಾಗಿ ಗೊತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇತರ ವಸ್ತುಗಳಿಗೆ ಕಟ್ಟುಪಾಡಿದ್ದು ಕಾಗದ ಮಾತ್ರ ಸುಲಭವಾಗಿ ಸಿಗುತ್ತಿದ್ದಾಗ ಅಲ್ಲಿ ಪುಸ್ತಕವೇ ಹಬ್ಬದ ಉಡುಗೊರೆಯಾಯಿತು. ಇಂದಿಗೂ ಅಲ್ಲಿನ ಜನ ಡಿಸೆಂಬರ್ 24ರ ರಾತ್ರಿ ಪುಸ್ತಕಗಳನ್ನು ಹಂಚಿಕೊಂಡು ಓದಲು ಕೂರುತ್ತಾರೆ.

ಮೊದಲ ಮೂರು ಅಧ್ಯಾಯಗಳಲ್ಲಿ ನಿಧಾನವಾಗಿ ನಡೆಯಿರಿ

ಇಲ್ಲಿ ಮೂರು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಳ್ಳಿ. ಈ ಇಬ್ಬರನ್ನು ಒಂದೇ ಸೂರಿನಡಿ ತಂದದ್ದು ಹಬ್ಬವೇ? ಯಾವ ತಾರೀಖಿನೊಳಗೆ ಏನು ಆಗಿಬಿಡಬೇಕು? ಹಬ್ಬದ ದಿನ ಮಾತ್ರ ಸಲ್ಲುವ, ಉಳಿದ ದಿನ ಸಲ್ಲದ ಯಾವ ನಡೆ ಕಥೆಯಲ್ಲಿದೆ? ಈ ಮೂರಕ್ಕೂ ಉತ್ತರ ಸಿಕ್ಕರೆ ಹಬ್ಬ ಕೆಲಸ ಮಾಡುತ್ತಿದೆಯೆಂದು ಅರ್ಥ. ಕಥೆಯನ್ನು ಡಿಸೆಂಬರಿನಿಂದ ಎತ್ತಿ ಜುಲೈ ತಿಂಗಳಲ್ಲಿಟ್ಟರೂ ಏನೂ ಕೆಡುವುದಿಲ್ಲವೆನಿಸಿದರೆ ಅದು ಅಲಂಕಾರದ ಕ್ರಿಸ್‌ಮಸ್. ಅಂಥ ಪುಸ್ತಕವನ್ನು ಐವತ್ತನೆಯ ಪುಟದಲ್ಲಿ ಬಿಟ್ಟರೂ ತಪ್ಪಿಲ್ಲ.

ಮೂರನೆಯ ಪ್ರಶ್ನೆಗೆ ಹಳೆಯ ಉತ್ತರವೆಂದರೆ ಮಿಸಲ್‌ಟೋ. ಬಾಗಿಲ ಮೇಲೆ ಕಟ್ಟಿದ ಈ ಗಿಡದ ಗೊಂಚಲಿನಡಿ ಎದುರಾದವರು ಮುತ್ತು ಕೊಡುವ ರೂಢಿಯನ್ನು ಎಲ್ಲರೂ ಬಲ್ಲರು. ಒಂದೊಂದು ಮುತ್ತಿಗೂ ಒಂದೊಂದು ಬಿಳಿ ಹಣ್ಣನ್ನು ಕೀಳಬೇಕು, ಹಣ್ಣು ತೀರಿದರೆ ಮುತ್ತಿನ ಹಕ್ಕೂ ತೀರಿತು ಎಂಬ ಹಳೆಯ ಇಂಗ್ಲಿಷ್ ನಿಯಮ ಬಲ್ಲವರು ಕಡಿಮೆ. ನಮ್ಮ ಮಾವಿನ ಮರಗಳಿಗೆ ಅಂಟಿಕೊಳ್ಳುವ ಬಂದಳಿಕೆಯ ಹಾಗೆಯೇ ಸೇಬಿನ ಮರದ ರಸ ಹೀರಿ ಬದುಕುವ ಗಿಡವಿದು. ಇಂದಿನ ಸಸ್ಯಶಾಸ್ತ್ರ ಇದನ್ನು ನಮ್ಮ ಶ್ರೀಗಂಧದ ಕುಟುಂಬಕ್ಕೇ ಸೇರಿಸುತ್ತದೆ. ಹಣ್ಣಿನ ಲೆಕ್ಕ ಗೊತ್ತಿದ್ದರೆ, ಗೊಂಚಲಿನಲ್ಲಿ ಒಂದೇ ಹಣ್ಣು ಉಳಿದಿದೆಯೆಂದು ಲೇಖಕಿ ಬರೆದ ಕೂಡಲೇ ನಿಮ್ಮ ಎದೆ ಬಡಿತ ಹೆಚ್ಚುತ್ತದೆ. ಗೊತ್ತಿಲ್ಲದವರು ಅದನ್ನು ಬರಿಯ ವರ್ಣನೆಯೆಂದು ದಾಟಿಬಿಡುತ್ತಾರೆ.

ಇನ್ನೊಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಲೆಕ್ಕವಿಲ್ಲದಷ್ಟು ಕಾದಂಬರಿಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ನಾಯಕಿ ಅಟ್ಟದಿಂದ ಮರದ ಅಲಂಕಾರಗಳ ಪೆಟ್ಟಿಗೆಯನ್ನು ಇಳಿಸುತ್ತಾಳೆ. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟ ಗಾಜಿನ ಗುಂಡುಗಳನ್ನು ಒಂದೊಂದಾಗಿ ಬಿಚ್ಚುತ್ತಾಳೆ. ತಾಯಿ ಇದ್ದಾಗ ತಂದದ್ದು, ಶಾಲೆಯಲ್ಲಿ ತಾನೇ ಮಾಡಿದ್ದು, ಅಂಚು ಒಡೆದದ್ದು. ನಾಯಕ ಏಣಿ ಹಿಡಿದು ಕೆಳಗೆ ನಿಂತಿದ್ದಾನೆ. ಒಡೆದ ಗುಂಡನ್ನು ಅವಳು ಪಕ್ಕಕ್ಕಿಡುತ್ತಾಳೆ, ಅವನು ಅದನ್ನೆತ್ತಿ ಒಡೆದ ಭಾಗ ಗೋಡೆಯ ಕಡೆಗೆ ಬರುವಂತೆ ಮರಕ್ಕೆ ತೂಗುಹಾಕುತ್ತಾನೆ. ಇಬ್ಬರೂ ಏನೂ ಮಾತನಾಡುವುದಿಲ್ಲ. ಈ ದೃಶ್ಯದಲ್ಲಿ ಕಥೆ ಮುಂದೆ ಹೋಗಲಿಲ್ಲವೆಂದು ಅವಸರದ ಓದುಗರಿಗೆ ತೋರಬಹುದು, ಆದರೆ ಅವಳ ದುಃಖದ ಮೂಲವೇನು, ಅದನ್ನು ಅವನು ಹೇಗೆ ನೋಡಿಕೊಳ್ಳುತ್ತಾನೆ ಎಂಬ ಎರಡೂ ಸಂಗತಿಗಳು ಇಲ್ಲೇ ತೀರ್ಮಾನವಾಗಿಹೋಗಿವೆ. ದಸರೆಗೆ ಅಟ್ಟದಿಂದ ಗೊಂಬೆಗಳ ಪೆಟ್ಟಿಗೆ ಇಳಿಸಿ, ಕೈ ಮುರಿದ ಶೆಟ್ಟರ ಗೊಂಬೆಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ ನೆನಪಿರುವವರಿಗೆ ಟಿಪ್ಪಣಿಯೇ ಬೇಡ.

ಹಬ್ಬವೆಂದರೆ ಸಿಡುಕುವ ನಾಯಕನನ್ನೂ ಇಲ್ಲೇ ಗುರುತಿಸಿಕೊಳ್ಳಿ. 1843ರ ಡಿಸೆಂಬರ್ 19ರಂದು ಪ್ರಕಟವಾದ ಚಾರ್ಲ್ಸ್ ಡಿಕನ್ಸರ ಕಿರುಕಾದಂಬರಿ ‘ಎ ಕ್ರಿಸ್‌ಮಸ್ ಕ್ಯಾರಲ್’ನ ಜಿಪುಣ ಮುದುಕನ ವಂಶ ಇವನದು. ಇವನ ಸಿಡುಕಿಗೆ ಕಾರಣ ಬಹುಮಟ್ಟಿಗೆ ಒಂದು ಸಾವು ಅಥವಾ ಒಂದು ಅಗಲಿಕೆ, ಅದೂ ಡಿಸೆಂಬರಿನಲ್ಲೇ ನಡೆದದ್ದು. ಆ ನೋವನ್ನು ಲೇಖಕಿ ಗೌರವದಿಂದ ಕಾಣುತ್ತಾರೆಯೇ ಅಥವಾ ಒಂದು ಲೋಟ ಬಿಸಿ ಚಾಕೊಲೇಟಿನಿಂದ ವಾಸಿಮಾಡಿಬಿಡುತ್ತಾರೆಯೇ ಎಂಬುದು ನನ್ನ ಪಾಲಿಗೆ ಪುಸ್ತಕದ ಯೋಗ್ಯತೆಯನ್ನು ಅಳೆಯುವ ಗಟ್ಟಿಯಾದ ಮಾನದಂಡ.

ತಿಳಿಯದ ಪದಗಳ ಬಗ್ಗೆ

ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ, ಓದು ಕುಂಟುತ್ತದೆ. ತಿನಿಸಿನ ಹೆಸರುಗಳನ್ನು ಮಾತ್ರ ಮೊದಲೇ ತಿಳಿದುಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಇಂದಿನ ಮಿನ್ಸ್ ಪೈ ಒಳಗೆ ಮಾಂಸವಿರುವುದಿಲ್ಲ, ಒಣದ್ರಾಕ್ಷಿ ಮತ್ತು ಮಸಾಲೆಯ ಹೂರಣವಿರುತ್ತದೆ. ಕ್ರಿಸ್‌ಮಸ್ ಪುಡ್ಡಿಂಗನ್ನು ವಾರಗಳ ಮುಂಚೆಯೇ ಹಬೆಯಲ್ಲಿ ಬೇಯಿಸಿಟ್ಟು, ಬಡಿಸುವಾಗ ಬ್ರಾಂದಿ ಸುರಿದು ಉರಿ ಹಚ್ಚುತ್ತಾರೆ. ಅಡ್ವೆಂಟ್ ಎಂದರೆ ಕ್ರಿಸ್‌ಮಸ್ಸಿಗೆ ಮುನ್ನ ನಾಲ್ಕು ಭಾನುವಾರಗಳನ್ನೊಳಗೊಂಡ ಕಾಯುವಿಕೆಯ ಅವಧಿ, ಬಾಕ್ಸಿಂಗ್ ಡೇ ಎಂದರೆ ಡಿಸೆಂಬರ್ 26, ಹಾಗ್‌ಮನೇ ಎಂದರೆ ಸ್ಕಾಟ್ಲೆಂಡಿನವರ ವರ್ಷಾಂತ್ಯದ ರಾತ್ರಿ. ಮಂಗಳೂರಿನ ಕಡೆಯ ಓದುಗರು ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರಿನ ತಟ್ಟೆಯನ್ನೂ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾಗಿ ಅಂಗಳದಲ್ಲಿ ಕಟ್ಟುವ ಗೋದಲಿಯನ್ನೂ ಬಲ್ಲವರಾದ್ದರಿಂದ ಅವರಿಗೆ ಇದರ ಬಹುಭಾಗ ಹೊಸತೇನಲ್ಲ.

ರೀಜೆನ್ಸಿ ಕಥೆಗಳಿಗೆ ಮಾತ್ರ ಮದುವೆಯ ಕಾನೂನನ್ನು ಸ್ವಲ್ಪ ತಿಳಿದಿರಬೇಕು. ಚರ್ಚಿನಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆಯನ್ನು ಓದಿಸುವುದು ಸಾಮಾನ್ಯ ದಾರಿ. ಅಷ್ಟು ಕಾಯಲಾಗದವರಿಗೆ ಲೈಸೆನ್ಸಿನ ದಾರಿಯಿತ್ತು. ಬೇಕಾದ ಸ್ಥಳದಲ್ಲಿ, ಬೇಕಾದ ಹೊತ್ತಿನಲ್ಲಿ ಮದುವೆಯಾಗಲು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಕೊಡುವ ವಿಶೇಷ ಲೈಸೆನ್ಸೇ ಬೇಕಿತ್ತು. ಅದೂ ಇಲ್ಲದವರು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದರು. ನಾಯಕ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಕಾರಣ ಹೇಳದೆ ಲಂಡನ್ನಿಗೆ ಕುದುರೆ ಓಡಿಸಿದನೆಂದು ಓದಿದಾಗ, ಅವನ ಕೋಟಿನ ಜೇಬಿನಲ್ಲಿ ಏನು ಬರಲಿದೆಯೆಂದು ಇದನ್ನು ಬಲ್ಲವರು ನಾಯಕಿಗಿಂತ ಮೊದಲೇ ಊಹಿಸುತ್ತಾರೆ.

ಕೊನೆಯ ಕಾಲುಭಾಗ

ಮುಕ್ಕಾಲು ಪುಸ್ತಕ ಮುಗಿಯುವ ಹೊತ್ತಿಗೆ ಇಬ್ಬರೂ ದೂರವಾಗುತ್ತಾರೆ. ಕ್ರಿಸ್‌ಮಸ್ ಕಾದಂಬರಿಗಳಲ್ಲಿ ಇದು ಕಥೆಯ ಡಿಸೆಂಬರ್ 22 ಅಥವಾ 23ರ ಆಸುಪಾಸಿಗೆ ಬೀಳುತ್ತದೆ. ಇಲ್ಲಿ ಓದನ್ನು ನಿಲ್ಲಿಸಬೇಡಿ, ನಿದ್ದೆ ಬರುವುದಿಲ್ಲ. ಆ ರಾತ್ರಿಗೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಅಗಲಿಕೆಗೆ ಕಾರಣವಾದದ್ದು ಒಂದೇ ಮಾತಿನಲ್ಲಿ ಬಗೆಹರಿಯಬಹುದಾಗಿದ್ದ ತಪ್ಪು ತಿಳಿವಳಿಕೆಯೋ ಅಥವಾ ಮೊದಲ ಅಧ್ಯಾಯದಿಂದಲೂ ಅವರೊಳಗೆ ಇದ್ದ ಅಂಜಿಕೆಯೋ ಎಂದು ಕೇಳಿಕೊಳ್ಳಿ. ಎರಡನೆಯದಾದರೆ ರಾಜಿಯ ದೃಶ್ಯ ಕಣ್ಣು ತುಂಬಿಸುತ್ತದೆ. ವರ್ಷ ಕಳೆದ ಮೇಲಿನ ಕ್ರಿಸ್‌ಮಸ್ಸನ್ನು ತೋರಿಸುವ ಉಪಸಂಹಾರವನ್ನು ಹಲವರು ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ. ಹಿಂದಿನ ವರ್ಷ ಪರಕೀಯನಾಗಿ ಬಾಗಿಲಲ್ಲಿ ನಿಂತವನು ಈ ವರ್ಷ ಒಳಗಿನಿಂದ ಬಾಗಿಲು ತೆರೆಯುವುದನ್ನು ನೋಡಲೆಂದೇ ಇಷ್ಟು ದೂರ ನಡೆದು ಬಂದಿದ್ದೇವೆ.

ಪುಸ್ತಕ ಸ್ವಂತದ್ದಾಗಿದ್ದರೆ ಒಳರಕ್ಷಾಪುಟದ ಮೇಲೆ ಓದಿ ಮುಗಿಸಿದ ತಾರೀಖನ್ನೂ ಊರನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಬೇರೆ ಪುಸ್ತಕಗಳ ಜೊತೆ ಕಪಾಟಿನಲ್ಲಿ ಇಡದೆ, ಹಬ್ಬದ ಸಾಮಾನಿನ ಪೆಟ್ಟಿಗೆಯಲ್ಲಿ ಎರಡು ಒಣ ಬೇವಿನೆಲೆಯ ಕಡ್ಡಿಗಳೊಂದಿಗೆ ಕಾಗದದಲ್ಲಿ ಸುತ್ತಿ ಅಟ್ಟಕ್ಕೇರಿಸಿ. ಮುಂದಿನ ಡಿಸೆಂಬರಿನಲ್ಲಿ ನಕ್ಷತ್ರದ ದೀಪಕ್ಕಾಗಿಯೋ ಇನ್ನಾವುದಕ್ಕೋ ಪೆಟ್ಟಿಗೆ ತೆರೆದಾಗ ಅದು ತಾನಾಗಿ ಕೈಗೆ ಸಿಗುತ್ತದೆ; ಹಳೆಯ ತಾರೀಖಿನ ಕೆಳಗೆ ಹೊಸದನ್ನು ಬರೆಯಲು ಅರ್ಧ ಪುಟ ಖಾಲಿ ಬಿಟ್ಟಿರಿ.